ಗುಳ್ಳೆಯ ಗುಟ್ಟು ರಟ್ಟಾದ ಬಗೆ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮನುಷ್ಯನ ದೇಹದಲ್ಲಿಯೂ ಒಮ್ಮೊಮ್ಮೆ ಇಂಥದೇ ಪ್ರಸಂಗ ನಡೆಯುತ್ತದೆ. ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಹಿಡಿದು ಹಾಕಬೇಕಾದ ರಕ್ತದ ಪ್ರತಿಕಾಯಗಳು ದಾರಿ ತಪ್ಪಿ ಸ್ವಂತ ಚರ್ಮದ ಮೇಲೆಯೇ ತಿರುಗಿ ಬೀಳುತ್ತವೆ. ಆಗ ಬಾಯಲ್ಲಿ ಹುಣ್ಣು, ಮೈಮೇಲೆ ನೀರು ತುಂಬಿದ ಗುಳ್ಳೆಗಳು ಏಳುತ್ತವೆ. ಗುಳ್ಳೆ ಒಡೆದ ಜಾಗ ಹಸಿಗಾಯವಾಗುತ್ತದೆ. ಪೆಂಫಿಗಸ್ ಎಂಬ ಈ ಕಾಯಿಲೆಯ ಕಾರಣ ರೋಗಿಯ ರಕ್ತದಲ್ಲಿಯೇ ಇದೆ ಎಂಬ ಸುಳಿವು ಸಿಕ್ಕಿದ್ದು 1964ರಲ್ಲಿ. ಆ ಸುಳಿವು ಸಾಬೀತಾಗಲು ಮತ್ತೆ 18 ವರ್ಷ ಹಿಡಿಯಿತು.

ರೋಗದ ಹೆಸರು ಮಾತ್ರ ಬಹಳ ಹಳೆಯದು. ಗ್ರೀಕ್ ಭಾಷೆಯಲ್ಲಿ 'ಪೆಂಫಿಕ್ಸ್' ಎಂದರೆ ಗುಳ್ಳೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಬೊಯಿಸಿಯೆ ದ ಸೊವಾಜ್ ಇದನ್ನು ರೋಗದ ಹೆಸರಾಗಿ ಬಳಸಿದ. 1791ರಲ್ಲಿ ಜರ್ಮನಿಯ ವೈದ್ಯ ಯೋಹಾನ್ ಎರ್ನ್ಸ್ಟ್ ವಿಖ್ಮನ್ ದೀರ್ಘಕಾಲ ಕಾಡುವ ಪೆಂಫಿಗಸ್ಸನ್ನು ವಿವರಿಸಿದ. ಆದರೆ ಆಮೇಲೆಯೂ ಎಷ್ಟೋ ವರ್ಷಗಳ ಕಾಲ, ಗುಳ್ಳೆ ಏಳುವ ಬೇರೆ ಬೇರೆ ಕಾಯಿಲೆಗಳನ್ನು ಈ ಒಂದೇ ಹೆಸರಿನಿಂದ ಕರೆಯುವುದು ನಡೆದೇ ಇತ್ತು.

ಈ ಗೊಂದಲ ಬಿಡಿಸಲು ಸೂಕ್ಷ್ಮದರ್ಶಕ ನೆರವಾಯಿತು. ಪೆಂಫಿಗಸ್ ಗುಳ್ಳೆಯಲ್ಲಿ ಹೊರಚರ್ಮದ ಜೀವಕೋಶಗಳು ಒಂದನ್ನೊಂದು ಬಿಟ್ಟು ಬಿಡಿಬಿಡಿಯಾಗುತ್ತವೆ, ಇದೇ ಈ ರೋಗದ ಗುರುತು ಎಂದು 1943ರಲ್ಲಿ ಪ್ಯಾರಿಸ್ಸಿನ ಅಶೀಲ್ ಸಿವಾಟ್ ತೋರಿಸಿದ. ಇದರ ಆಧಾರದ ಮೇಲೆ ಅಮೆರಿಕದ ವಾಲ್ಟರ್ ಲೀವರ್ 1953ರಲ್ಲಿ 'ಪೆಂಫಿಗಾಯ್ಡ್' ಎಂಬ ಇನ್ನೊಂದು ಕಾಯಿಲೆಯನ್ನು ಪ್ರತ್ಯೇಕಿಸಿದ. ಪೆಂಫಿಗಸ್ಸಿನಲ್ಲಿ ಗೋಡೆಯ ಇಟ್ಟಿಗೆಗಳ ನಡುವಿನ ಗಾರೆ ಸಡಿಲವಾಗುತ್ತದೆ ಎನ್ನುವುದಾದರೆ, ಪೆಂಫಿಗಾಯ್ಡಿನಲ್ಲಿ ಇಡೀ ಗೋಡೆಯೇ ಅಡಿಪಾಯದಿಂದ ಬಿಟ್ಟುಕೊಳ್ಳುತ್ತದೆ ಎನ್ನಬಹುದು.

ಇವೆರಡರಲ್ಲಿ ಪೆಂಫಿಗಸ್ ಹೆಚ್ಚು ಭೀಕರವಾದದ್ದು. ಚರ್ಮ ಕಳಚಿದ ಮೈಯಿಂದ ನೀರು, ಲವಣ, ಪ್ರೋಟೀನುಗಳು ಸೋರಿಹೋಗುತ್ತವೆ. ತೆರೆದ ಗಾಯಕ್ಕೆ ಸೋಂಕು ತಗಲುತ್ತದೆ. ಹಿಂದೆ ಈ ರೋಗ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. 1950ರ ದಶಕದಲ್ಲಿ ಕಾರ್ಟಿಸೋನ್ ಜಾತಿಯ ಔಷಧಗಳು ಬಂದ ಮೇಲೆ ಅನೇಕರ ಪ್ರಾಣ ಉಳಿಯಿತು. ಆದರೆ ಔಷಧ ಏಕೆ ಫಲ ಕೊಡುತ್ತಿದೆ ಎಂಬುದು ಗೊತ್ತಿರಲಿಲ್ಲ. ರೋಗದ ಮೂಲವೇ ತಿಳಿಯದಿದ್ದಾಗ ಅದು ಗೊತ್ತಾಗುವುದಾದರೂ ಹೇಗೆ?

ಹಸಿರು ಬಲೆ

ಉತ್ತರದ ಮೊದಲ ಎಳೆ ಸಿಕ್ಕಿದ್ದು ಅಮೆರಿಕದ ಬಫೆಲೋ ನಗರದ ವಿಶ್ವವಿದ್ಯಾಲಯದಲ್ಲಿ. ದೇಹ ತನ್ನ ಮೇಲೆ ತಾನೇ ದಾಳಿ ಮಾಡಲು ಹೇಸುತ್ತದೆ ಎಂದು 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಹೇಳಿದ್ದ. ಈ ಮಾತು ಬಹುಕಾಲ ವೇದವಾಕ್ಯದಂತೆ ಉಳಿದಿತ್ತು. ಅದೇ ಪರಂಪರೆಯಲ್ಲಿ ಬೆಳೆದು, ಜರ್ಮನಿ ತೊರೆದು ಬಫೆಲೋಗೆ ಬಂದ ಅರ್ನೆಸ್ಟ್ ವಿಟೆಬ್ಸ್ಕಿ ಹಾಗೂ ಅವರ ಸಹೋದ್ಯೋಗಿ ನೋಯೆಲ್ ರೋಸ್ 1956ರಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸಿ, ಪ್ರಾಣಿಯ ದೇಹ ತನ್ನದೇ ಥೈರಾಯ್ಡ್ ಗ್ರಂಥಿಯ ವಿರುದ್ಧ ತಿರುಗಬಲ್ಲದು ಎಂದು ತೋರಿಸಿಕೊಟ್ಟರು.

ಇದೇ ಬಫೆಲೋದಲ್ಲಿ ಅರ್ನೆಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ ಪೆಂಫಿಗಸ್ ರೋಗಿಗಳ ರಕ್ತವನ್ನು ಪರೀಕ್ಷೆಗೆ ಎತ್ತಿಕೊಂಡರು. ಅವರು ಬಳಸಿದ್ದು 1940ರ ದಶಕದಲ್ಲಿ ಆಲ್ಬರ್ಟ್ ಕೂನ್ಸ್ ರೂಪಿಸಿದ ವಿಧಾನವನ್ನು. ರೋಗಿಯ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ಅಂಗಾಂಶದ ತೆಳುವಾದ ಪದರದ ಮೇಲೆ ಹಾಕುವುದು. ಅದರಲ್ಲಿ ಚರ್ಮಕ್ಕೆ ಅಂಟುವ ಪ್ರತಿಕಾಯಗಳಿದ್ದರೆ ಅಲ್ಲಿಯೇ ಕಚ್ಚಿಕೊಳ್ಳುತ್ತವೆ. ಬಳಿಕ ಆ ಪ್ರತಿಕಾಯಗಳನ್ನು ಹುಡುಕಿ ಹಿಡಿಯುವ, ಹೊಳೆಯುವ ಬಣ್ಣ ಬೆರೆಸಿದ ಇನ್ನೊಂದು ದ್ರಾವಣವನ್ನು ಹಾಕಿ, ಅತಿನೇರಳೆ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗಿಗಳ ಸೀರಂ ಹಾಕಿದಾಗ ಜೀವಕೋಶಗಳ ಅಂಚಿನುದ್ದಕ್ಕೂ ಮೀನಿನ ಬಲೆಯಂತೆ ಹಸಿರು ಗೆರೆಗಳು ಮಿಂಚಿದವು. ಸಿವಾಟ್ ಕಂಡಿದ್ದ ಬಿರುಕು ಮೂಡುವ ಜಾಗವೇ ಅದು. 1967ರಲ್ಲಿ ಪೆಂಫಿಗಾಯ್ಡ್ ರೋಗಿಗಳಲ್ಲಿಯೂ ಪ್ರತಿಕಾಯಗಳು ಕಂಡವು. ಅವು ಅಂಟಿದ್ದು ಹೊರಚರ್ಮದ ಬುಡಕ್ಕೆ. ಲೀವರ್ ಮಾಡಿದ್ದ ವಿಂಗಡಣೆ ಸರಿಯೆಂಬುದಕ್ಕೆ ರಕ್ತವೇ ಸಾಕ್ಷಿ ಹೇಳಿತು.

ಸಾಕ್ಷಿಯೋ, ಅಪರಾಧಿಯೋ?

ಇಷ್ಟಾದರೂ ಒಂದು ಪ್ರಶ್ನೆ ಉಳಿದೇ ಇತ್ತು. ಕಳ್ಳತನವಾದ ಮನೆಯ ಮುಂದೆ ನಿಂತವನೆಲ್ಲ ಕಳ್ಳನಲ್ಲ. ಚರ್ಮ ಬೇರೆ ಯಾವುದೋ ಕಾರಣದಿಂದ ಹಾಳಾಗಿ, ಆ ಮೇಲೆ ಈ ಪ್ರತಿಕಾಯಗಳು ಹುಟ್ಟಿರಬಾರದೇಕೆ? ಇಂಥ ಸಂಶಯಕ್ಕೆ ಕಾರಣವೂ ಇತ್ತು. ಬೆಂಕಿಯಿಂದ ಸುಟ್ಟ ಗಾಯವಾದ ಕೆಲವರ ರಕ್ತದಲ್ಲಿ ಕೂಡ ಇಂಥವೇ ಪ್ರತಿಕಾಯಗಳು ಕಾಣಿಸಿಕೊಂಡಿದ್ದವು. ಪ್ರತಿಕಾಯ ಸಿಕ್ಕರೆ ಸಾಲದು, ಪ್ರಾಣಿಯಲ್ಲಿ ಅದೇ ಬಗೆಯ ಹಾನಿಯನ್ನು ತೋರಿಸಬೇಕು ಎಂದು ವಿಟೆಬ್ಸ್ಕಿಯೇ 1957ರಲ್ಲಿ ನಿಯಮ ಹಾಕಿಕೊಟ್ಟಿದ್ದರು.

1982ರಲ್ಲಿ ಗ್ರ್ಯಾಂಟ್ ಆನ್ಹಾಲ್ಟ್, ಲೂಯಿಸ್ ಡಯಾಸ್ ಮತ್ತು ಸಂಗಡಿಗರು ಈ ಪರೀಕ್ಷೆಯನ್ನು ನಡೆಸಿದರು. ಐವರು ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. 55 ಮರಿಗಳ ಪೈಕಿ 39ರಲ್ಲಿ ಗುಳ್ಳೆಗಳೆದ್ದವು. ಮರಿಗಳ ರಕ್ತದಲ್ಲಿ ಪ್ರತಿಕಾಯ ಹೆಚ್ಚಿದ್ದಷ್ಟೂ ರೋಗವೂ ಹೆಚ್ಚಾಗಿತ್ತು. ಅಪರಾಧಿ ಯಾರೆಂಬುದು ಇತ್ಯರ್ಥವಾಯಿತು.

ನಿಸರ್ಗ ಕೂಡ ಇದೇ ಪ್ರಯೋಗವನ್ನು ತಾಯಿಯ ಗರ್ಭದಲ್ಲಿ ಆಗೊಮ್ಮೆ ಈಗೊಮ್ಮೆ ನಡೆಸುತ್ತದೆ. ಪೆಂಫಿಗಸ್ ಇರುವ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೆ ದಾಟಿ, ಹುಟ್ಟುವಾಗಲೇ ಮಗುವಿನ ಮೈಮೇಲೆ ಗುಳ್ಳೆಗಳಿರುವುದುಂಟು. ಆದರೆ ತಾಯಿಯಿಂದ ಬಂದ ಪ್ರತಿಕಾಯಗಳು ಕರಗಿದಂತೆ ಕೆಲವೇ ವಾರಗಳಲ್ಲಿ ಗುಳ್ಳೆಗಳೂ ಮಾಯವಾಗುತ್ತವೆ.

ಇನ್ನು ಉಳಿದದ್ದು ಆ ಗಾರೆ ಯಾವುದೆಂಬ ಪ್ರಶ್ನೆ. 1991ರಲ್ಲಿ ಜಪಾನಿನ ಮಸಾಯುಕಿ ಅಮಗಾಯಿ ಮತ್ತು ಅಮೆರಿಕದ ಜಾನ್ ಸ್ಟಾನ್ಲಿ ಅದನ್ನೂ ಪತ್ತೆ ಹಚ್ಚಿದರು. ಅದಕ್ಕೀಗ 'ಡೆಸ್ಮೋಗ್ಲೀನ್-3' ಎಂದು ಹೆಸರು. ಇದು ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಪ್ರೋಟೀನು. ಬಾಯಿಯ ಒಳಪದರಕ್ಕೆ ಮುಖ್ಯ ಆಸರೆ ಇದೇ ಆದ್ದರಿಂದ ಅನೇಕರಲ್ಲಿ ರೋಗ ಬಾಯಿಹುಣ್ಣಿನಿಂದಲೇ ಶುರುವಾಗುತ್ತದೆ.

ತಿಳಿವಿನಿಂದ ಬಂದ ಲಾಭ

ಇಷ್ಟೆಲ್ಲ ತಿಳಿದುಕೊಂಡದ್ದರಿಂದ ರೋಗಿಗೇನು ಲಾಭ ಎಂದು ಕೇಳಬಹುದು. ಸ್ಟೀರಾಯ್ಡ್ ಔಷಧ ಪ್ರಾಣ ಉಳಿಸಿದರೂ, ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಮಾರಕ ಸೋಂಕುಗಳಿಗೆ ದಾರಿ ಮಾಡಿಕೊಡುತ್ತಿತ್ತು. ಈ ಕಷ್ಟಕ್ಕೆ ಭಾರತದಲ್ಲಿ ಕಂಡುಕೊಂಡ ದಾರಿ ಗಮನಾರ್ಹ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಜೆ.ಎಸ್. ಪಸ್ರೀಚಾ ಅವರು 1980ರ ದಶಕದಲ್ಲಿ, ತಿಂಗಳಿಗೊಮ್ಮೆ ಸತತ ಮೂರು ದಿನ ಡೆಕ್ಸಾಮೆಥಾಸೋನ್ ಅನ್ನು ದೊಡ್ಡ ಪ್ರಮಾಣದಲ್ಲಿ ಕೊಡುವ, ಜೊತೆಗೆ ಪ್ರತಿಕಾಯಗಳ ಉತ್ಪಾದನೆಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಬಳಸುವ ಪದ್ಧತಿಯನ್ನು ರೂಪಿಸಿದರು. ಇದು ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು.

ಮುಂದೆ ಪ್ರತಿಕಾಯ ತಯಾರಾಗುವ ಕಾರ್ಖಾನೆಯತ್ತಲೇ ವೈದ್ಯರ ಗುರಿ ಹರಿಯಿತು. ಪ್ರತಿಕಾಯಗಳಿಗೆ ಮೂಲವಾದ 'ಬಿ' ಜೀವಕೋಶಗಳನ್ನು ನಾಶ ಮಾಡುವ ರಿಟುಕ್ಸಿಮ್ಯಾಬ್ ಮೊದಲು ಕ್ಯಾನ್ಸರಿಗೆಂದು ಬಂದ ಔಷಧ. 2017ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಅಲ್ಪಕಾಲದ ಸ್ಟೀರಾಯ್ಡ್ ಜೊತೆಗೆ ಇದನ್ನು ಪಡೆದವರ ಪೈಕಿ ಶೇ. 89 ಮಂದಿ ಎರಡು ವರ್ಷಗಳ ಕೊನೆಗೆ ಔಷಧವಿಲ್ಲದೆಯೇ ರೋಗಮುಕ್ತರಾಗಿದ್ದರು. ಸ್ಟೀರಾಯ್ಡ್ ಮಾತ್ರ ಪಡೆದವರಲ್ಲಿ ಅಂಥವರು ಶೇ. 34 ಮಾತ್ರ. 2018ರಲ್ಲಿ ಅಮೆರಿಕ ಈ ಔಷಧಕ್ಕೆ ಪೆಂಫಿಗಸ್ ಚಿಕಿತ್ಸೆಗಾಗಿ ಅನುಮತಿ ನೀಡಿತು.

ಮೈಮೇಲಿನ ಗುಳ್ಳೆ ಕಂಡು ದೂರ ಸರಿಯುವವರು ಈಗಲೂ ಇದ್ದಾರೆ. ಆದರೆ ಪೆಂಫಿಗಸ್ ಅಂಟುರೋಗವಲ್ಲ. ಮುಟ್ಟಿದರೆ, ಜೊತೆಗೆ ಕುಳಿತು ಉಂಡರೆ ಹರಡುವುದಿಲ್ಲ. ವಾರಗಟ್ಟಲೆ ಮಾಯದ ಬಾಯಿಹುಣ್ಣನ್ನು ಉಷ್ಣವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿದರೆ, ಚರ್ಮದ ಒಂದು ಚೂರು ಮತ್ತು ಸ್ವಲ್ಪ ರಕ್ತದ ಪರೀಕ್ಷೆಯಿಂದ ರೋಗವನ್ನು ಗುರುತಿಸಲು ಸಾಧ್ಯ. ಬಫೆಲೋದಲ್ಲಿ ಮಿಂಚಿದ ಆ ಹಸಿರು ಬಲೆಯನ್ನೇ ವೈದ್ಯರು ಈಗಲೂ ಹುಡುಕುವುದು.