ಕೆಮ್ಮು ಅಂದ್ರೆ ಟಿಬಿ ಒಂದೇ ಅಲ್ಲ: ಶ್ವಾಸಕೋಶ ಕ್ಯಾನ್ಸರ್ ಬಗ್ಗೆ ಗೊತ್ತಿರಬೇಕಾದ ವಿಷಯಗಳು

ಮೂರು ವಾರವಾದ್ರೂ ಕೆಮ್ಮು ನಿಲ್ಲದಿದ್ದರೆ ನಮ್ಮ ಕಡೆ ಮೊದಲು ಬರೋ ಅನುಮಾನ ಟಿಬಿ. ಅದು ತಪ್ಪೇನಲ್ಲ, ಟಿಬಿ ಪರೀಕ್ಷೆ ಮಾಡಿಸಲೇಬೇಕು. ಆದ್ರೆ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ಉಬ್ಬಸ, ತೂಕ ಇಳಿಯುವುದು ಶ್ವಾಸಕೋಶ ಕ್ಯಾನ್ಸರ್‌ನ ಲಕ್ಷಣಗಳೂ ಹೌದು. ಎಕ್ಸ್‌ರೇಯಲ್ಲೂ ಎರಡು ಕಾಯಿಲೆ ಒಂದೇ ತರ ಕಾಣಬಹುದು. ಹಾಗಾಗಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ರೋಗ ಬಲಿತ ಮೇಲೆ ಕ್ಯಾನ್ಸರ್ ಅಂತ ಗೊತ್ತಾಗುವವರೂ ಇದ್ದಾರೆ.

ಎಷ್ಟು ವಿಧ?

ಮುಖ್ಯವಾಗಿ ಎರಡು.

1. ನಾನ್ ಸ್ಮಾಲ್ ಸೆಲ್: 100 ರೋಗಿಗಳಲ್ಲಿ ಸುಮಾರು 85 ಜನರಿಗೆ ಬರುವುದು ಇದೇ. ಇದರಲ್ಲಿ ಅಡಿನೋಕಾರ್ಸಿನೋಮಾ, ಸ್ಕ್ವಾಮಸ್ ಸೆಲ್, ಲಾರ್ಜ್ ಸೆಲ್ ಎಂಬ ಒಳವಿಧಗಳಿವೆ. ಬೀಡಿ, ಸಿಗರೇಟ್ ಮುಟ್ಟದವರಿಗೆ ಬಂದರೆ ಹೆಚ್ಚಾಗಿ ಅಡಿನೋಕಾರ್ಸಿನೋಮಾ ಆಗಿರುತ್ತದೆ.

2. ಸ್ಮಾಲ್ ಸೆಲ್: ಉಳಿದ ಸುಮಾರು 15 ಜನರಿಗೆ. ಬಹುತೇಕ ಧೂಮಪಾನಿಗಳಿಗೇ ಬರುತ್ತದೆ, ತುಂಬಾ ಬೇಗ ಹರಡುತ್ತದೆ.

ಯಾವ ವಿಧ ಅನ್ನೋದು ಬಯಾಪ್ಸಿಯಿಂದಲೇ ಖಚಿತ ಆಗಬೇಕು. ಚಿಕಿತ್ಸೆ ನಿರ್ಧಾರ ಆಗುವುದು ಅದರ ಮೇಲೆ.

ಯಾರಿಗೆ ಅಪಾಯ ಹೆಚ್ಚು?

* ಬೀಡಿ, ಸಿಗರೇಟ್ ಸೇದುವವರು. ಬೀಡಿ ಎಲೆಯದು, ಏನೂ ಆಗಲ್ಲ ಅನ್ನೋದು ಸುಳ್ಳು.
* ಸೇದುವವರ ಪಕ್ಕದಲ್ಲೇ ಇದ್ದು ಹೊಗೆ ಕುಡಿಯುವ ಹೆಂಡತಿ, ಮಕ್ಕಳು.
* ಕಲ್ಲು ಕ್ವಾರಿ, ಕ್ರಷರ್, ಗ್ರಾನೈಟ್ ಪಾಲಿಶ್ ಕೆಲಸದವರು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕ್ಯಾನ್ಸರ್‌ಕಾರಕ.
* ಆಸ್ಬೆಸ್ಟಾಸ್ ಶೀಟ್ ಕತ್ತರಿಸುವವರು, ಡೀಸೆಲ್ ಹೊಗೆಯಲ್ಲೇ ದುಡಿಯುವವರು.
* ಗಾಳಿಯಾಡದ ಮನೆಯಲ್ಲಿ ವರ್ಷಗಟ್ಟಲೆ ಸೌದೆ ಒಲೆ ಊದಿದ ಹೆಣ್ಣುಮಕ್ಕಳು.
* ಮನೆಯಲ್ಲಿ ಹತ್ತಿರದವರಿಗೆ ಈ ಕಾಯಿಲೆ ಬಂದಿದ್ದರೆ.

ಕ್ವಾರಿ ಕೆಲಸದ ಜೊತೆ ಬೀಡಿಯೂ ಇದ್ದರೆ ಅಪಾಯ ಇನ್ನೂ ಜಾಸ್ತಿ.

ಏನು ಮಾಡಬೇಕು?

ಕಫದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂದರೂ ಕೆಮ್ಮು ಹೋಗದಿದ್ದರೆ, ಇಲ್ಲವೇ ಟಿಬಿ ಮಾತ್ರೆ ತಗೊಂಡ್ರೂ ಗುಣ ಕಾಣದಿದ್ದರೆ, "ಸಿಟಿ ಸ್ಕ್ಯಾನ್ ಬೇಕಾ ಸಾರ್?" ಅಂತ ಡಾಕ್ಟರನ್ನು ನೀವೇ ಕೇಳಿ. ಏನು ಕೆಲಸ ಮಾಡ್ತೀರಿ, ಎಷ್ಟು ವರ್ಷದಿಂದ ಸೇದ್ತೀರಿ ಅನ್ನೋದನ್ನ ಮುಚ್ಚಿಡದೆ ಹೇಳಿ. ಆದ್ರೆ ಡಾಕ್ಟರ್ ಹೇಳದೆ ಟಿಬಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಈಗ ಬಿಟ್ಟರೆ ಏನು ಲಾಭ ಅನ್ನುವವರಿಗೆ: ಸೇದುವುದು ಬಿಟ್ಟ 10 ವರ್ಷದಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರಿಗಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಬಿಡಲು ಸಹಾಯ ಬೇಕಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.