ಬೇಕನ್ ಸ್ಯಾಂಡ್‌ವಿಚ್ಚಿನ ಪೂರ್ವೋತ್ತರ

ಮನುಷ್ಯನ ನಾಲಗೆ ಎರಡು ಬಗೆಯ ರುಚಿಗಳನ್ನು ಬೇಡುತ್ತದೆ. ಹಬ್ಬದ ದಿನ ಬೇಕೆನಿಸುವುದು ಒಂದು. ದಣಿದು ಬಂದ ದಿನ, ಜ್ವರ ಬಿಟ್ಟು ಎದ್ದ ದಿನ ಬೇಕೆನಿಸುವುದು ಇನ್ನೊಂದು. ನಮ್ಮ ಮನೆಗಳಲ್ಲಿ ಈ ಎರಡನೆಯ ಸ್ಥಾನ ಬಿಸಿ ಅನ್ನಕ್ಕೂ ತಿಳಿಸಾರಿಗೂ ಸಂದಿದೆ. ಇಂಗ್ಲೆಂಡಿನಲ್ಲಿ ಅದು ಸಂದಿರುವುದು ಬೇಕನ್ ಸ್ಯಾಂಡ್‌ವಿಚ್ಚಿಗೆ. ಉಪ್ಪಿನಲ್ಲಿ ಹದಗೊಳಿಸಿದ ಹಂದಿಮಾಂಸದ ತೆಳುಪಟ್ಟಿಗಳನ್ನು ಹುರಿದು, ಬೆಣ್ಣೆ ಸವರಿದ ಎರಡು ಬ್ರೆಡ್ಡಿನ ಹೋಳುಗಳ ನಡುವೆ ಇಟ್ಟರೆ ಮುಗಿಯಿತು. ಅಡುಗೆಯೆಂದು ಕರೆಯಲೂ ಸಂಕೋಚವಾಗುವಷ್ಟು ಸರಳ. ನಮ್ಮ ಓದುಗರಲ್ಲಿ ಅನೇಕರು ಇದನ್ನು ಮುಟ್ಟುವವರಲ್ಲ. ಆದರೆ ಒಂದು ತಿನಿಸಿನ ಪೂರ್ವೋತ್ತರವನ್ನು ತಿಳಿಯಲು ಅದನ್ನು ತಿಂದಿರಲೇಬೇಕೆಂಬ ನಿರ್ಬಂಧವೇನೂ ಇಲ್ಲವಷ್ಟೆ.

ಸ್ಯಾಂಡ್‌ವಿಚ್ ಎಂಬ ಹೆಸರು ಬಂದದ್ದು ಸಿರಿವಂತರ ಮನೆಯಿಂದ. ಹದಿನೆಂಟನೆಯ ಶತಮಾನದಲ್ಲಿ ಸ್ಯಾಂಡ್‌ವಿಚ್ಚಿನ ನಾಲ್ಕನೆಯ ಅರ್ಲ್ ಆಗಿದ್ದ ಜಾನ್ ಮಾಂಟೆಗು, ಜೂಜಿನ ಮೇಜನ್ನು ಬಿಟ್ಟೇಳಲಾರದೆ ಬ್ರೆಡ್ಡಿನ ನಡುವೆ ಮಾಂಸವಿರಿಸಿ ತರಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಜೂಜಿಗಾಗಿ ಅಲ್ಲ, ಕಚೇರಿಯ ಕಡತಗಳಿಗಾಗಿ ಎಂದು ಅವನ ಜೀವನಚರಿತ್ರೆ ಬರೆದವರೊಬ್ಬರ ವಾದ. ಇತಿಹಾಸಕಾರ ಗಿಬ್ಬನ್ 1762ರಲ್ಲೇ ತನ್ನ ದಿನಚರಿಯಲ್ಲಿ ಈ ಪದವನ್ನು ಬಳಸಿದ್ದಾನೆ. ಅದೇನೇ ಇರಲಿ, ಹೆಸರು ಅರ್ಲನದಾದರೂ ಬೇಕನ್ ಮಾತ್ರ ಬಡವನದು.

ಆಂಗ್ಲ ಹಳ್ಳಿಗನ ಗುಡಿಸಲ ಹಿಂದೆ ಒಂದು ಹಂದಿಯಿರುತ್ತಿತ್ತು. ಅಡುಗೆಮನೆಯಲ್ಲಿ ಉಳಿದದ್ದು, ತೋಟದಲ್ಲಿ ಬಿದ್ದದ್ದು ತಿಂದು ಕೊಬ್ಬಿದ ಆ ಪ್ರಾಣಿಯನ್ನು ಚಳಿಗಾಲದ ಮೊದಲಿಗೆ ಕೊಂದು, ಮಾಂಸಕ್ಕೆ ಉಪ್ಪು ತಿಕ್ಕಿ, ತೊಲೆಗೆ ತೂಗುಹಾಕುತ್ತಿದ್ದರು. ನಮ್ಮ ರೈತನಿಗೆ ಹಗೇವಿನ ರಾಗಿ ಹೇಗೋ ಅವರಿಗೆ ಅದು ಹಾಗೆ. ಕಷ್ಟದ ತಿಂಗಳುಗಳಿಗೆ ಅದೇ ಆಧಾರ. 1820ರ ದಶಕದಲ್ಲಿ ಕೂಲಿಕಾರರಿಗಾಗಿ ಗೃಹಕೃತ್ಯದ ಪುಸ್ತಕ ಬರೆದ ವಿಲಿಯಂ ಕಾಬೆಟ್, ಮನೆಯ ನೆಮ್ಮದಿಗೆ ಉಪದೇಶಗಳಿಗಿಂತ ಬೇಕನ್ನೇ ಮೇಲೆಂದು ನಂಬಿದ್ದ. ಎಸ್ಸೆಕ್ಸ್ ಸೀಮೆಯ ಡನ್‌ಮೊ ಎಂಬಲ್ಲಿ, ಒಂದು ವರ್ಷ ಮತ್ತು ಒಂದು ದಿನ ಮನಸ್ತಾಪವಿಲ್ಲದೆ ಬಾಳಿದ ದಂಪತಿಗಳಿಗೆ ಬೇಕನ್ನಿನ ಒಂದು ಇಡೀ ಪಕ್ಕೆಯನ್ನು ಬಹುಮಾನವಾಗಿ ಕೊಡುವ ಪದ್ಧತಿಯುಂಟು. ಹದಿನಾಲ್ಕನೆಯ ಶತಮಾನದ ಕವಿ ಚಾಸರನಿಗೂ ಇದು ಗೊತ್ತಿತ್ತು. ನಿಂತುಹೋಗಿದ್ದ ಈ ಪದ್ಧತಿ 1855ರಲ್ಲಿ ಮತ್ತೆ ಚಿಗುರಿತು.

ಯಂತ್ರಯುಗ ಬಂದು ಹಳ್ಳಿಗ ಪಟ್ಟಣ ಸೇರಿದಾಗ ಹಂದಿ ಸಾಕಲು ಹಿತ್ತಿಲಿಲ್ಲವಾಯಿತು. ಹಿತ್ತಿಲಿನ ಕೆಲಸವನ್ನು ಕಾರ್ಖಾನೆ ವಹಿಸಿಕೊಂಡಿತು. ವಿಲ್ಟ್‌ಷೈರಿನ ಕಾನ್ ಪಟ್ಟಣದ ಹ್ಯಾರಿಸ್ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಮಂಜುಗಡ್ಡೆಯಿಂದ ತಂಪಿಟ್ಟ ಕೋಣೆಗಳನ್ನು ಕಟ್ಟಿ, ಕಡಿಮೆ ಉಪ್ಪಿನಲ್ಲಿ, ವರ್ಷವಿಡೀ ಬೇಕನ್ ತಯಾರಿಸುವುದನ್ನು ಸಾಧಿಸಿದರು. 1887ರಲ್ಲಿ ಜರ್ಮನಿ ಡೆನ್ಮಾರ್ಕಿನ ಜೀವಂತ ಹಂದಿಗಳಿಗೆ ಬಾಗಿಲು ಮುಚ್ಚಿದಾಗ, ಡೇನಿಷ್ ರೈತರು ಅದೇ ವರ್ಷ ಹಾರ್ಸೆನ್ಸ್ ಊರಿನಲ್ಲಿ ಸಹಕಾರಿ ಕಸಾಯಿಖಾನೆ ತೆರೆದು, ಹಂದಿಗೆ ಬದಲು ಬೇಕನ್ನನ್ನೇ ಬ್ರಿಟನ್ನಿಗೆ ಕಳುಹಿಸತೊಡಗಿದರು. ಹೀಗೆ ಹಿತ್ತಿಲಿಲ್ಲದವನ ಬಾಣಲೆಗೂ ಬೇಕನ್ ಬಂದಿತು.

ಇದರ ಸಾಂತ್ವನದ ಗುಟ್ಟನ್ನು ತಿಳಿಯಬೇಕಾದರೆ ಲಂಡನ್ನಿನ ರಸ್ತೆಯಂಚಿನ ಹಸಿರು ಬಣ್ಣದ ಮರದ ಗೂಡುಗಳನ್ನು ನೋಡಬೇಕು. ಬಾಡಿಗೆ ಸಾರೋಟು ಹೊಡೆಯುವವನು ಗಾಡಿಯನ್ನು ನಿಲ್ದಾಣದಲ್ಲಿ ಬಿಟ್ಟುಹೋಗುವಂತಿರಲಿಲ್ಲ. ಮಳೆಯಲ್ಲಿ ನೆನೆಯಬೇಕು, ಇಲ್ಲವೇ ಹುಡುಗನೊಬ್ಬನಿಗೆ ಕಾಸು ಕೊಟ್ಟು ಕಾವಲಿರಿಸಿ ಹೆಂಡದಂಗಡಿ ಹೊಗಬೇಕು. ಇದನ್ನು ಕಂಡು ಮರುಗಿದ ಕೆಲವರು 1875ರಲ್ಲಿ ನಿಧಿಯೊಂದನ್ನು ಸ್ಥಾಪಿಸಿ, 1914ರೊಳಗೆ ಇಂತಹ 61 ಆಶ್ರಯಗಳನ್ನು ಕಟ್ಟಿಸಿದರು. ಸಾರ್ವಜನಿಕ ರಸ್ತೆಯ ಮೇಲಿರುವುದರಿಂದ ಒಂದು ಕುದುರೆಗಾಡಿಗಿಂತ ಹೆಚ್ಚಿನ ಜಾಗವನ್ನು ಅವು ಆಕ್ರಮಿಸಬಾರದು. ಒಳಗೆ ಕುಡಿತವೂ ಜೂಜೂ ನಿಷಿದ್ಧ. ಉಳಿದಿರುವ 13 ಗೂಡುಗಳಲ್ಲಿ ಹಲವುಗಳ ಕಿಟಕಿಗಳಲ್ಲಿ ಇಂದು ದಾರಿಹೋಕನಿಗೂ ಚಹಾ ಮತ್ತು ಬೇಕನ್ ಸ್ಯಾಂಡ್‌ವಿಚ್ ಸಿಗುತ್ತವೆ. ಚಳಿಯ ಬೆಳಗಿನಲ್ಲಿ, ನಿಂತಲ್ಲೇ, ತಟ್ಟೆ ಚಮಚಗಳ ಹಂಗಿಲ್ಲದೆ ತಿನ್ನುವ ಈ ಬಿಸಿ ತುತ್ತು ಕೈಗೂ ಕಾವು ಕೊಡುತ್ತದೆ.

ಇಲ್ಲದಿರುವಿಕೆಯೂ ಪ್ರೀತಿಯನ್ನು ಬೆಳೆಸುತ್ತದೆ. ಯುದ್ಧಕಾಲದಲ್ಲಿ, 1940ರ ಜನವರಿ 8ರಂದು, ಪಡಿತರಕ್ಕೆ ಮೊದಲು ಸಿಕ್ಕಿದ ಪದಾರ್ಥಗಳಲ್ಲಿ ಬೇಕನ್ ಒಂದು: ತಲೆಗೆ ವಾರಕ್ಕೆ ನಾಲ್ಕು ಔನ್ಸು, ಎಂದರೆ ಸುಮಾರು 113 ಗ್ರಾಂ. ಜನ ಸಂಘ ಕಟ್ಟಿಕೊಂಡು, ಅಡುಗೆಮನೆಯ ಉಳಿಕೆ ಕೂಡಿಹಾಕಿ, ಮತ್ತೆ ಹಂದಿ ಸಾಕಿದರು. ಯುದ್ಧ ಮುಗಿದು ಒಂಬತ್ತು ವರ್ಷಗಳಾದ ಮೇಲೆ, 1954ರ ಜುಲೈ 4ರಂದು, ಆ ಕಟ್ಟು ಪೂರ್ತಿ ಸಡಿಲಿತು. ಹದಿನಾಲ್ಕು ವರ್ಷ ಅಳೆದು ತಿಂದವರಿಗೆ ಬಾಣಲೆಯ ಚುರುಚುರು ಸದ್ದೇ ಶಾಂತಿಯ ಸದ್ದಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೆ ಕೆಂಪು ಟೊಮೇಟೊ ರಸವೇ, ಕಂದು ಬಣ್ಣದ ಸಾಸೇ ಎಂಬುದು ಅಲ್ಲಿ ಮುಗಿಯದ ವಾದ. ಆ ಕಂದು ಸಾಸುಗಳಲ್ಲಿ ಹೆಸರಾದದ್ದು ಎಚ್‌ಪಿ. ನಾಟಿಂಗ್‌ಹ್ಯಾಮಿನ ಕಿರಾಣಿ ವ್ಯಾಪಾರಿ ಗಾರ್ಟನ್ 1895ರಲ್ಲಿ ಅದರ ಹೆಸರನ್ನು ನೋಂದಾಯಿಸಿದ. ಅದರ ಹುಳಿಗೆ ಸೇರುವ ವಸ್ತುಗಳಲ್ಲೊಂದು ನಮ್ಮ ಹುಣಸೆಹಣ್ಣು! ಸಾರಿನ ನಂಟು ಇಷ್ಟು ದೂರ ಹಬ್ಬಿದೆ.

ಇಂತಹ ತಿನಿಸಿಗೂ ಕಂಟಕಗಳುಂಟು. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದೂ, ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇಕಡಾ 18ರಷ್ಟು ಏರುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2015ರಲ್ಲಿ ಸಾರಿದರು. ಇನ್ನೊಂದು ಪ್ರಸಂಗ ಹೆಚ್ಚು ಯೋಚಿಸುವಂಥದು. 2014ರ ಮೇ ತಿಂಗಳಲ್ಲಿ ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ ಲಂಡನ್ನಿನ ಸಗಟು ಮಾರುಕಟ್ಟೆಯೊಂದರಲ್ಲಿ ಇದನ್ನು ತಿನ್ನಲು ಪೇಚಾಡುತ್ತಿದ್ದ ಛಾಯಾಚಿತ್ರ ಎಲ್ಲೆಡೆ ಹಬ್ಬಿತು. ಮರುವರ್ಷ, ಚುನಾವಣೆಯ ಹಿಂದಿನ ದಿನ, ಪತ್ರಿಕೆಯೊಂದು ಅದನ್ನೇ ಮುಖಪುಟದಲ್ಲಿ ಹಾಕಿ ಗೇಲಿ ಮಾಡಿತು. ಯಹೂದಿ ಮನೆತನದವರೊಬ್ಬರನ್ನು ಹಂದಿಮಾಂಸ ಹಿಡಿದು ಹಾಸ್ಯ ಮಾಡುವುದು ಸಲ್ಲದೆಂಬ ಆಕ್ಷೇಪವೂ ಕೇಳಿಬಂದಿತು. ದಣಿದವನನ್ನು ಸಂತೈಸಲು ಹುಟ್ಟಿದ ತುತ್ತು, ಯಾರು ನಮ್ಮವರು ಯಾರು ಅಲ್ಲ ಎಂದು ಅಳೆಯುವ ಕೋಲಾಯಿತು.

ಈ ಅಪಾಯ ಎಲ್ಲ ದೇಶಗಳ ಮನೆಯೂಟಕ್ಕೂ ಉಂಟು. ಹಸಿರು ಗೂಡಿನ ಕಿಟಕಿಯೇ ಇದಕ್ಕಿಂತ ಉದಾರವಾದದ್ದು. ಅಲ್ಲಿ ಹೇಗೆ ತಿನ್ನುತ್ತೀಯೆ ಎಂದು ಯಾರೂ ಪರೀಕ್ಷಿಸುವುದಿಲ್ಲ. ಯಾವ ಸಾಸು ಬೇಕೆಂದಷ್ಟೇ ಕೇಳುತ್ತಾರೆ.