ಕಣಶೋಧಕಗಳಲ್ಲಿ ಬೆಳಕಿನ ದೌತ್ಯ: ಕೋಲಾರದ ಗಣಿಯೂ ಜಾಲಹಳ್ಳಿಯ ಫಲಕವೂ

ಶಿಲಾಶಾಸನಗಳಿಂದ ಚರಿತ್ರೆಯನ್ನು ಸಂಗ್ರಹಿಸುವವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಕಲ್ಲಿನ ಮೇಲಣ ಬರಹವು ಎಷ್ಟು ಪ್ರಾಮಾಣಿಕವಾಗಿದ್ದರೂ ವಿದ್ವಾಂಸನ ಮೇಜಿಗೆ ಬಂದು ಸೇರುವುದು ಅದರ ಪಡಿಯಚ್ಚು ಮಾತ್ರವೇ. ಮಸಿಯು ಹರಡಿದರೆ, ಕಾಗದವು ಒಂದಿಷ್ಟು ಸರಿದರೆ, ಒಂದಂಕೆಯು ಮತ್ತೊಂದಾಗಿ ಅರಸನೊಬ್ಬನ ಕಾಲವೇ ವ್ಯತ್ಯಾಸವಾಗುವುದುಂಟು. ರೈಸ್ ಸಾಹೇಬರು ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅದಾದ ಅರುವತ್ತು ವರ್ಷಗಳ ತರುವಾಯ ಅದೇ ಜಿಲ್ಲೆಯ ನೆಲದಡಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಬೇರೊಂದು ಬಗೆಯ ಬರಹವನ್ನು ಓದುವ ಕಾರ್ಯವು ನಡೆಯಿತು. ಬರೆದುದು ಕ್ಷಣಮಾತ್ರದಲ್ಲಿ ಹಾದುಹೋಗುವ ಕಣ; ಪಡಿಯಚ್ಚನ್ನು ತೆಗೆದುಕೊಟ್ಟುದು ಬೆಳಕು.

ಪರಮಾಣುವಿಗಿಂತಲೂ ಸೂಕ್ಷ್ಮವಾದ ಕಣಗಳ ಶಾಸ್ತ್ರದ ಚರಿತ್ರೆಯನ್ನು ಬರೆದವರು ಕಣಗಳನ್ನೂ ಅವುಗಳನ್ನು ಊಹಿಸಿದ ಪಂಡಿತರನ್ನೂ ಕುರಿತು ವಿಸ್ತಾರವಾಗಿ ಹೇಳಿದ್ದಾರೆ. ಶೋಧಕಯಂತ್ರವು ಕಂಡುದನ್ನು ಓದುವವನ ಬಳಿಗೆ ತಂದೊಪ್ಪಿಸಿದ ದೂತನನ್ನು ಕುರಿತು ಅವರು ಹೇಳಿರುವುದು ಸ್ವಲ್ಪ. ಈಗಿನ ಮಹಾಶೋಧಕಗಳಲ್ಲಿ ಈ ದೌತ್ಯವನ್ನು ವಹಿಸಿರುವುದು ಗಾಜಿನ ಎಳೆಯಲ್ಲಿ ಹರಿಯುವ ಲೇಸರ್ ಬೆಳಕು. ಅದು ಹೇಗೆ ಅನಿವಾರ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಕೋಲಾರದಿಂದ ಹೊರಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹೋಮಿ ಭಾಭಾರವರು 1939ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ವಿಶ್ವಕಿರಣಗಳ ವಿಷಯದಲ್ಲಿ ಸಂಶೋಧನೆಯನ್ನು ನಡೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರಲ್ಲಿ ಅಲ್ಲಿಯೇ ಆರಂಭವಾಗಿ ಅದೇ ವರ್ಷದಲ್ಲಿ ಮುಂಬಯಿಗೆ ಹೋಯಿತು. ಆ ಸಂಸ್ಥೆಯನ್ನು 1948ರಲ್ಲಿ ಸೇರಿದವರು ಬಿ. ವಿ. ಶ್ರೀಕಂಠನ್. ಇವರು 1925ರಲ್ಲಿ ನಂಜನಗೂಡಿನ ಬಳಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದಾರ್ಥವಿಜ್ಞಾನವನ್ನು ವ್ಯಾಸಂಗಮಾಡಿದವರು. ನಿಸ್ತಂತು ವಿದ್ಯೆಯು ಇವರ ವಿಶೇಷ ವಿಷಯವಾಗಿದ್ದಿತು. ಸಂದೇಶವನ್ನು ಕಳುಹಿಸುವ ವಿದ್ಯೆಯಲ್ಲಿ ಪಳಗಿದವರೊಬ್ಬರು ಈ ಕೆಲಸಕ್ಕೆ ಬಂದುದು ಆಕಸ್ಮಿಕವಿರಬಹುದು, ಆದರೆ ಒಪ್ಪುವಂತಹ ಆಕಸ್ಮಿಕ. ಭಾಭಾರವರ ಸೂಚನೆಯಂತೆ ಶ್ರೀಕಂಠನ್‌ರವರು 1950ರ ದಶಕದ ಆರಂಭದಲ್ಲಿ ಗೈಗರ್ ನಳಿಗೆಗಳನ್ನು ತೆಗೆದುಕೊಂಡು ಕೋಲಾರದ ಚಿನ್ನದ ಗಣಿಗೆ ಇಳಿದರು.

ಗಣಿಯೇ ಏಕೆ? ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟಿ ನೆಲದೊಳಕ್ಕೆ ನುಗ್ಗುವುವು. ಆಳಕ್ಕೆ ಹೋದಷ್ಟೂ ಬಂಡೆಯು ಅವುಗಳನ್ನು ತಡೆಯುತ್ತ ಬರುವುದು. ಕೋಲಾರದ ಬಂಡೆಯು ಬಹಳ ಸಾಂದ್ರವಾದುದು, ನೀರಿನ ಮೂರರಷ್ಟು ಭಾರ. ಚಾಂಪಿಯನ್ ರೀಫ್ ಗಣಿಯ ಆಳವೋ ಮೂರು ಕಿಲೋಮೀಟರಿಗೂ ಹೆಚ್ಚು. 1960–61ರಲ್ಲಿ ಜಪಾನಿನ ಎಸ್. ಮಿಯಾಕೆ, ಟಾಟಾ ಸಂಸ್ಥೆಯ ವಿ. ಎಸ್. ನರಸಿಂಹಂ ಮತ್ತು ಪಿ. ವಿ. ರಮಣಮೂರ್ತಿ ಇವರು ಹಂತಹಂತವಾಗಿ ಇಳಿಯುತ್ತ ಮ್ಯೂಯಾನ್‌ಗಳನ್ನು ಎಣಿಸಿದರು. ಕಡೆಯ ತಾಣವು 8,400 ಮೀಟರ್ ನೀರಿಗೆ ಸಮನಾದ ಬಂಡೆಯ ಕೆಳಗಿದ್ದಿತು. ಅಲ್ಲಿ ಸುಮಾರು ಎರಡು ತಿಂಗಳು ಕಾದರೂ ಯಂತ್ರಕ್ಕೆ ಒಂದು ಮ್ಯೂಯಾನೂ ಸಿಕ್ಕಲಿಲ್ಲ. ಬೇರೆಯವರು ಇದನ್ನು ವಿಫಲವೆನ್ನಬಹುದಾಗಿದ್ದಿತು. ಇವರಾದರೋ ಆ ಮೌನದಲ್ಲಿಯೇ ಒಂದು ಅವಕಾಶವನ್ನು ಕಂಡರು. ಇಷ್ಟು ನಿಶ್ಶಬ್ದವಾದ ಎಡೆಯಲ್ಲಿ, ಬಂಡೆಯನ್ನು ಲೆಕ್ಕಿಸದೆ ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ಕಣವು ಎಂದಾದರೊಮ್ಮೆ ಬಂಡೆಗೆ ತಾಕಿ ಮ್ಯೂಯಾನನ್ನು ಹುಟ್ಟಿಸಿದರೆ, ಅದನ್ನು ಗುರುತಿಸುವುದು ಸಾಧ್ಯವಲ್ಲವೇ?

ಈ ಉದ್ದೇಶದಿಂದ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯ ಈ ಮೂವರು ಕೂಡಿ ಹೀತ್‌ಕೋಟ್ ಷಾಫ್ಟಿನ ಬಳಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೊ ದೂರದರ್ಶಕಗಳನ್ನು ನಿಲ್ಲಿಸಿದರು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ಆರ್ನಲ್ಡ್ ವುಲ್ಫೆಂಡೇಲ್ ಮೊದಲಾದವರು ಇದರಲ್ಲಿ ಪ್ರಮುಖರು. ಬಂಡೆಗಳು ಸಿಡಿಯುವುದಕ್ಕೆ ಹೆಸರಾದ ಗಣಿಯಲ್ಲಿ ಗಾಜಿನ ನಳಿಗೆಗಳನ್ನು ಸಾಲಾಗಿ ಜೋಡಿಸುವುದು ಸಾಹಸವೇ ಸರಿ.

ಈ ಯಂತ್ರದ ರಚನೆಯನ್ನು ಕೊಂಚ ವಿವರಿಸುವುದು ಅವಶ್ಯ. ಎದುರುಬದುರಾಗಿ ಎರಡು ನಿಲುವುಗೋಡೆಗಳು. ಗೋಡೆಗೆ ಪ್ಲಾಸ್ಟಿಕ್ಕಿನ ಮಿನುಗುಫಲಕಗಳು. ವಿದ್ಯುದಂಶವುಳ್ಳ ಕಣವು ಹಾದರೆ ಫಲಕವು ಮಿನುಗುವುದು; ಆ ಮಿನುಗನ್ನು ಫೋಟೋಮಲ್ಟಿಪ್ಲಯರ್ ನಳಿಗೆಗಳು ವಿದ್ಯುತ್ಸಂಕೇತವಾಗಿ ಮಾರ್ಪಡಿಸುವುವು. ಎರಡು ಗೋಡೆಗಳೂ ಒಂದೇ ಕಾಲದಲ್ಲಿ ಮಿನುಗಿದರೆ ಮಾತ್ರ ಕಣವು ಹಾದುಹೋಯಿತೆಂದು ಒಪ್ಪತಕ್ಕದ್ದು. ಆದರೆ ಇಷ್ಟರಿಂದ ‘ಬಂದಿತು’ ಎಂದು ತಿಳಿಯಿತೇ ಹೊರತು ‘ಯಾವ ಕಡೆಯಿಂದ ಬಂದಿತು’ ಎಂದು ತಿಳಿಯಲಿಲ್ಲ. ಪ್ರಶ್ನೆಯ ಜೀವಾಳವೆಲ್ಲ ದಿಕ್ಕಿನಲ್ಲಿದ್ದಿತು. ವಾಯುಮಂಡಲದ ಮ್ಯೂಯಾನುಗಳಲ್ಲಿ ಇಷ್ಟು ಆಳಕ್ಕೆ ಬಂದು ತಲಪುವುವು ಹೆಚ್ಚುಕಡಮೆ ನೇರವಾಗಿ ಮೇಲಿನಿಂದ ಇಳಿಯುವಂಥವೇ. ಅಡ್ಡಲಾಗಿ ಬರಬೇಕಾದರೆ ಹಲವು ಪಟ್ಟು ಬಂಡೆಯನ್ನು ದಾಟಬೇಕು, ಅದು ಮ್ಯೂಯಾನಿಗೆ ಅಸಾಧ್ಯ. ಆದಕಾರಣ ಅಡ್ಡವಾಗಿ ಹಾದುದು ನ್ಯೂಟ್ರಿನೊವಿನ ಸಂತತಿಯೇ ಆಗಿರಬೇಕು.

ದಿಕ್ಕನ್ನು ತೋರಿಸಿಕೊಟ್ಟುದು ಡರ್ಹಮಿನವರ ನಿಯಾನ್ ನಳಿಗೆ. ಇಟಲಿಯಲ್ಲಿ ಕಾನ್ವೆರ್ಸಿಯವರು 1955ರಲ್ಲಿ ಕಂಡುಹಿಡಿದ ಉಪಾಯವಿದು. ನಿಯಾನ್ ತುಂಬಿದ ಗಾಜಿನ ನಳಿಗೆಗಳನ್ನು ಎರಡು ಗೋಡೆಗಳ ನಡುವೆ ಸೀಸದ ಹಲಗೆಗಳೊಡನೆ ಸಾಲುಸಾಲಾಗಿ ಒಟ್ಟುವರು. ಫಲಕಗಳು ಮಿನುಗಿದೊಡನೆಯೇ, ಸೆಕೆಂಡಿನ ಲಕ್ಷದಲ್ಲಿ ಕೆಲವೇ ಅಂಶಗಳೊಳಗಾಗಿ, ನಳಿಗೆಗಳಿಗೆ ಪ್ರಬಲವಾದ ವಿದ್ಯುತ್ತಿನ ಏಟನ್ನು ಕೊಡುವರು. ಆಗ ಕಣವು ಹಾದ ನಳಿಗೆಗಳು ಮಾತ್ರ ಕೆಂಪಗೆ ಬೆಳಗುವುವು. ಉಳಿದವು ಕತ್ತಲಲ್ಲಿಯೇ ಇರುವುವು. ತುದಿಗಳಿಗೆ ಎದುರಾಗಿಟ್ಟ ಕ್ಯಾಮರಾ ಆ ಚುಕ್ಕೆಗಳನ್ನು ಫಿಲ್ಮಿನ ಮೇಲೆ ಗ್ರಹಿಸುವುದು. ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆದರೆ ಕಣದ ಹಾದಿ ಸಿದ್ಧ. ನಮ್ಮ ಹೆಂಗಸರ ರಂಗವಲ್ಲಿಯಂತೆಯೇ, ಚುಕ್ಕೆ ಮೊದಲು, ಗೆರೆ ಆಮೇಲೆ. ಇಲ್ಲಿ ಸಾಕ್ಷ್ಯವು ಶೋಧಕದಿಂದ ಹೊರಬಿದ್ದುದು ತಂತಿಯ ಮೂಲಕವಲ್ಲ, ಗಾಳಿಯಲ್ಲಿ ಹಾರಿಬಂದ ಬೆಳಕಿನ ಮೂಲಕ. ನೂರಾರು ನಳಿಗೆಗಳ ಸಮಾಚಾರವನ್ನು ಒಂದು ಕ್ಯಾಮರಾ ಒಮ್ಮೆಗೇ ಹೊತ್ತಿತು. ಘಟನೆಗಳಾದರೋ ಬಹು ವಿರಳ. ಫಿಲ್ಮನ್ನು ತೊಳೆಯುವುದಕ್ಕೂ ಅಳೆಯುವುದಕ್ಕೂ ಬೇಕಾದಷ್ಟು ವಿರಾಮವಿದ್ದಿತು.

ಇದರ ಫಲವಾಗಿ ಬರೆದ ಪ್ರಬಂಧವು ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಗೆ 1965ರ ಜುಲೈ 12ರಂದು ತಲಪಿ ಆಗಸ್ಟ್ 15ರ ಸಂಚಿಕೆಯಲ್ಲಿ ಅಚ್ಚಾಯಿತು. ಅದೇ ಸಮಯದಲ್ಲಿ ಫ್ರೆಡರಿಕ್ ರೈನೆಸರ ತಂಡವು ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ, 3.2 ಕಿಲೋಮೀಟರ್ ಆಳದಲ್ಲಿ, ಇದೇ ಅನ್ವೇಷಣೆಯಲ್ಲಿ ತೊಡಗಿದ್ದಿತು. ಅವರ ಪ್ರಬಂಧವು ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಗೆ ಜುಲೈ 26ರಂದು ತಲಪಿ ಆಗಸ್ಟ್ 30ರಂದು ಹೊರಬಿದ್ದಿತು. ಆದರೆ ಅವರು ತಮ್ಮ ಮೊದಲನೆಯ ಘಟನೆಯನ್ನು ಫೆಬ್ರವರಿ 23ರಂದೇ ಕಂಡಿದ್ದರು. ಪ್ರಥಮ ಸ್ಥಾನವು ಯಾರಿಗೆ ಸಲ್ಲತಕ್ಕದ್ದೆಂಬ ವಾದವು ಅಂದಿನಿಂದ ನಡೆದುಬಂದಿದೆ. ಬೆಳಕು ಯಂತ್ರವನ್ನು ತಾಕಿದ ದಿನವನ್ನು ಹಿಡಿದರೆ ಆಫ್ರಿಕದವರು ಮುಂದು. ಸುದ್ದಿಯು ಲೋಕವನ್ನು ಮುಟ್ಟಿದ ದಿನವನ್ನು ಹಿಡಿದರೆ ಕೋಲಾರವೇ ಮುಂದು. ಹದಿನೈದು ದಿನಗಳ ಈ ಅಂತರವನ್ನು ಎತ್ತಿಹಿಡಿದು ಹಿಗ್ಗುವುದು ನಮಗೆ ಅಷ್ಟಾಗಿ ರುಚಿಸುವುದಿಲ್ಲ. ಕೋಲಾರದ ಹೆಚ್ಚುಗಾರಿಕೆಯು ಬೇರೆಡೆಯಲ್ಲಿದೆ. ಅಲ್ಲಿಯ ಸಾಕ್ಷ್ಯದಲ್ಲಿ ಕಣದ ಹಾದಿಯು ಚುಕ್ಕೆಚುಕ್ಕೆಯಾಗಿ ಚಿತ್ರಿತವಾಗಿತ್ತು. ಸಂದೇಹಪಡುವವನು ಫಿಲ್ಮನ್ನು ತಾನೇ ನೋಡಿ ಓರೆಯನ್ನು ಅಳೆಯಬಹುದಾಗಿದ್ದಿತು.

ತರುವಾಯ 1980ರಲ್ಲಿ ಅದೇ ಗಣಿಯಲ್ಲಿ ಪ್ರೋಟಾನಿನ ಅಳಿವನ್ನು ಹುಡುಕುವುದಕ್ಕಾಗಿ 140 ಟನ್ ತೂಕದ ಶೋಧಕವೊಂದನ್ನು ಕಟ್ಟಿದರು. ಇದರಲ್ಲಿ ಗಾಜಿನ ನಳಿಗೆಗಳಿಲ್ಲ. ಕಬ್ಬಿಣದ ಹಲಗೆಗಳ ನಡುವೆ ಸುಮಾರು 1,600 ಅನಿಲದ ಎಣಿಕೆಕೊಳವೆಗಳು, ಅವುಗಳಿಂದ ಹೊರಡುವ ತಂತಿಗಳು. ಬೆಳಕು ಹಿಂದೆ ಸರಿದು ತಾಮ್ರವು ದೂತನಾಯಿತು. ಗಣಿಯ ಆಳದ ಭಾಗಗಳನ್ನು ಮುಚ್ಚತೊಡಗಿದ ಕಾರಣ ಪ್ರಯೋಗಗಳು 1992ರಲ್ಲಿ ನಿಂತುವು. ಗಣಿಯೇ 2001ರಲ್ಲಿ ಮುಚ್ಚಿತು.

ಕೋಲಾರವನ್ನು ಬಿಟ್ಟ ಮುಂಬಯಿಯ ಆ ಸಂಸ್ಥೆಯು ಬಹುಬೇಗನೆ ಜಿನೀವದ ಬಳಿಯ ಸರ್ನ್ ಪ್ರಯೋಗಾಲಯದ ಮಹಾಯಂತ್ರಕ್ಕೆ ಕೈಕೂಡಿಸಿತು. ಅಲ್ಲಿಯ ಸಿ.ಎಂ.ಎಸ್. ಎಂಬ ಶೋಧಕಕ್ಕೆ ಪಂಜಾಬ್ ವಿಶ್ವವಿದ್ಯಾನಿಲಯದೊಡನೆ ಸೇರಿ ಹೊರ ಕವಚದ ಮಿನುಗುಫಲಕಗಳನ್ನು ಒದಗಿಸಿತು. ಆದರೆ ಜಿನೀವದ ಕಷ್ಟವು ಕೋಲಾರದ ಕಷ್ಟಕ್ಕೆ ತೀರ ವಿರುದ್ಧವಾದುದು. ಕೋಲಾರದಲ್ಲಿ ಘಟನೆಯ ಬರ, ಇಲ್ಲಿ ಪ್ರವಾಹ. ಪ್ರೋಟಾನುಗಳ ಗುಂಪುಗಳು ಸೆಕೆಂಡಿಗೆ ನಾಲ್ಕು ಕೋಟಿ ಸಲ, ಎಂದರೆ 25 ನ್ಯಾನೊಸೆಕೆಂಡಿಗೊಮ್ಮೆ, ಎದುರಾಗುವುವು. ಸಮಾಚಾರವನ್ನು ಹೇಳುವ ಬಾಯಿಗಳೋ ಏಳು ಕೋಟಿಗೂ ಮಿಕ್ಕಿರುವುವು. ಇಲ್ಲಿ ಕ್ಯಾಮರಾ ಏನು ಮಾಡಬಲ್ಲುದು? ತಾಮ್ರದ ತಂತಿಯೂ ಸಾಲದು. ತಂತಿಯ ಕಂತೆಗಳು ದಪ್ಪವಾದಷ್ಟೂ ಕಣಗಳು ಅವುಗಳಿಗೇ ತಾಗಿ ದಾರಿತಪ್ಪುವುವು; ತಂತಿಯು ಸುತ್ತಲಿನ ವಿದ್ಯುತ್ತಿನ ಗದ್ದಲವನ್ನೂ ಹೀರಿ ತರುವುದು. ಗಾಜಿನ ಎಳೆಗೆ ತೂಕವಿಲ್ಲ, ಗದ್ದಲವು ತಟ್ಟದು, 3.8 ಟೆಸ್ಲಾ ಬಲದ ಅಯಸ್ಕಾಂತವೂ ಅದನ್ನು ಕದಲಿಸದು.

ಇದನ್ನರಿತು ಸರ್ನಿನಲ್ಲಿ 1990ರ ದಶಕದ ಆದಿಯಲ್ಲಿಯೇ ಆರ್.ಡಿ.23 ಎಂಬ ಯೋಜನೆಯು ಆರಂಭವಾಯಿತು. ಶೋಧಕದೊಳಗೆ ಲೇಸರನ್ನಿಡದೆ, ಹೊರಗಿನಿಂದ ಕಳುಹಿಸಿದ ಬೆಳಕನ್ನು ಒಳಗೆ ಹೆಚ್ಚುಕಡಮೆ ಮಾಡಿ ಹಿಂದಿರುಗಿಸುವ ವಿಧಾನವನ್ನು ಮೊದಲು ಪರೀಕ್ಷಿಸಿದರು. ಕಡೆಗೆ ಗೆದ್ದುದು ಸುಲಭವಾದ ಮಾರ್ಗ: ದೂರವಾಣಿ ಉದ್ಯಮದ ಪುಟ್ಟ ಲೇಸರುಗಳನ್ನು ಕೊಂಡು ಒಳಗೇ ಕೂಡಿಸುವುದು. ಆದರೆ ದೂರವಾಣಿಯ ಲೇಸರು ವಿಕಿರಣದ ಮಳೆಯಲ್ಲಿ ಬದುಕಲು ಹುಟ್ಟಿದುದಲ್ಲ. ಫ್ರಾಂಸ್ವಾ ವಾಸೆಯವರೂ ಅವರ ಸಂಗಡಿಗರೂ ಬೆಲ್ಜಿಯಮಿನ ಲುವೇನ್-ಲ-ನೂವ್‌ನಲ್ಲಿ ಅವುಗಳ ಮೇಲೆ ನ್ಯೂಟ್ರಾನುಗಳನ್ನು ಸುರಿದು ಪರೀಕ್ಷಿಸಿದರು. ಏಟು ಬಿದ್ದಂತೆಲ್ಲ ಲೇಸರು ಬೆಳಗುವುದಕ್ಕೆ ಬೇಕಾದ ವಿದ್ಯುತ್ತು ಏರಿತು. ಆದರೆ ಕೆಲಸದಲ್ಲಿಯೇ ಇರಿಸಿದರೆ ಹಾನಿಯು ಬಹುಮಟ್ಟಿಗೆ ವಾಸಿಯಾಗುವುದೂ ಕಂಡಿತು. ದುಡಿಯುತ್ತ ಗುಣವಾಗುವ ರೋಗಿಯಂತೆ! ಹೀಗೆ ಪರೀಕ್ಷಿತವಾದ ಸುಮಾರು 40,000 ಎಳೆಗಳನ್ನು ಸಿ.ಎಂ.ಎಸ್. ಶೋಧಕದ ಒಳಪದರದಲ್ಲಿ ಹಾಯಿಸಿದರು. ಒಂದೊಂದು ಎಳೆಯು 256 ಸಿಲಿಕಾನ್ ಪಟ್ಟಿಗಳ ಮಾತನ್ನು ಸರದಿಯಲ್ಲಿ ಹೊತ್ತು ತರುವುದು. ಗಾಜಿನಲ್ಲಿ ಬೆಳಕು 25 ನ್ಯಾನೊಸೆಕೆಂಡಿಗೆ ಐದು ಮೀಟರ್ ಮಾತ್ರ ಸಾಗುವುದರಿಂದ, ನೂರು ಮೀಟರಿನ ಎಳೆಯ ತುದಿಯನ್ನು ಒಂದು ಸಂಕೇತವು ಮುಟ್ಟುವಷ್ಟರಲ್ಲಿ ಹಿಂದೆ ಇಪ್ಪತ್ತು ಸಂಘಟ್ಟನೆಗಳು ನಡೆದುಹೋಗಿರುವುವು.

ಇನ್ನು ಬೆಂಗಳೂರಿನ ಪಾಲು. ರಾಜಾಜಿನಗರದಿಂದ ಉತ್ತರಕ್ಕೆ, ಯಶವಂತಪುರವನ್ನು ದಾಟಿದರೆ ಸಿಕ್ಕುವ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1954ರಿಂದ ಇರುವುದು. ಸಿ.ಎಂ.ಎಸ್. ಶೋಧಕದ ಎರಡು ಕೊನೆಗಳಲ್ಲಿ ‘ಪ್ರೀಷವರ್’ ಎಂಬ ತೆಳುವಾದ ಭಾಗವಿದೆ. ಒಂಟಿಯಾಗಿ ಬಂದ ಫೋಟಾನನ್ನು, ಪಯಾನ್ ಕಣವೊಂದು ಒಡೆದು ಜೋಡಿಯಾಗಿ ಬಂದ ಫೋಟಾನುಗಳಿಂದ ಬೇರ್ಪಡಿಸಿ ಹೇಳುವುದು ಇದರ ಕರ್ತವ್ಯ. ಇದಕ್ಕೆ ಬೇಕಾದ 4,288 ಸಿಲಿಕಾನ್ ಫಲಕಗಳಲ್ಲಿ ಸುಮಾರು ಒಂದು ಸಾವಿರವನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ ಮುಂದಾಳುತನದಲ್ಲಿ ಜಾಲಹಳ್ಳಿಯಲ್ಲಿ ತಯಾರಿಸಿದರು. ಫಲಕವು 63 ಮಿಲಿಮೀಟರ್ ಚೌಕ, ಅದರ ಮೇಲೆ 32 ಪಟ್ಟಿಗಳು. ದಪ್ಪವು ಮಿಲಿಮೀಟರಿನ ಮೂರರಲ್ಲೊಂದು ಭಾಗ. ನಾಲ್ಕು ಅಂಗುಲದ ಬಿಲ್ಲೆಯೊಂದರಿಂದ ಫಲಕವೊಂದೇ ದೊರೆಯುವುದು. ಒಂದು ಪಟ್ಟಿಯಲ್ಲಿ ವಿದ್ಯುತ್ತು ಸೋರಿದರೂ ಇಡೀ ಬಿಲ್ಲೆಗೆ ಕುಂದು ಬರುವುದೆಂಬುದನ್ನು ನೆನೆದರೆ ಈ ಸಾವಿರದ ಬೆಲೆಯು ತಿಳಿಯುವುದು.

ಫಲಕದ ಪಟ್ಟಿಯಲ್ಲಿ ಹುಟ್ಟಿದ ಅತ್ಯಲ್ಪ ವಿದ್ಯುತ್ತನ್ನು ಪಕ್ಕದ ಸಲಕರಣೆಯು ಅಂಕೆಗಳಾಗಿ ಮಾರ್ಪಡಿಸಿ ಲೇಸರಿಗೆ ಒಪ್ಪಿಸುವುದು. ಲೇಸರು ಅದನ್ನು ಸೆಕೆಂಡಿಗೆ 80 ಕೋಟಿ ಅಂಕಗಳ ವೇಗದಲ್ಲಿ ಎಳೆಗೆ ಹಾಕುವುದು. ಕೋಲಾರದ ನಳಿಗೆಯಲ್ಲಿ ಬೆಳಕು ತಾನಾಗಿ ಹೊತ್ತಿ ‘ಇಲ್ಲಿ ಹಾಯಿತು’ ಎಂದಷ್ಟೇ ಹೇಳಿತು. ಎಷ್ಟು ಎಂಬುದನ್ನು ಅದು ಹೇಳಲಾರದು. ಜಾಲಹಳ್ಳಿಯ ಫಲಕದ ಬೆಳಕು ಪಟ್ಟಿಪಟ್ಟಿಗೂ ಮೊತ್ತವನ್ನು ಎಣಿಸಿ ಒಪ್ಪಿಸುವುದು. 2012ರಲ್ಲಿ ಹಿಗ್ಸ್ ಕಣವನ್ನು ಸಾರಿದ ಶೋಧಕಗಳೆರಡರಲ್ಲಿ ಈ ಫಲಕಗಳನ್ನುಳ್ಳ ಸಿ.ಎಂ.ಎಸ್. ಒಂದು. ಆ ಕಣದ ಕುರುಹುಗಳಲ್ಲಿ ಮುಖ್ಯವಾದುದು ಎರಡು ಫೋಟಾನುಗಳಾಗಿ ಒಡೆಯುವುದು. ಹಾಗೆಂದು ಹಿಗ್ಸನ್ನು ಜಾಲಹಳ್ಳಿಯು ಕಂಡಿತೆನ್ನುವುದು ಉತ್ಪ್ರೇಕ್ಷೆ. ಆ ಫೋಟಾನುಗಳ ಹೆಚ್ಚಿನ ಸಾಕ್ಷ್ಯವು ಶೋಧಕದ ಮಧ್ಯಭಾಗದಿಂದಲೇ ಬಂದಿತು.

ಶ್ರೀಕಂಠನ್‌ರವರು 2019ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಸಿ.ಎಂ.ಎಸ್. ಶೋಧಕದ ಎರಡು ಕೊನೆಗಳನ್ನೂ ತೆಗೆದು ಹೊಸದಾಗಿ ಕಟ್ಟುವ ಯೋಜನೆಯಿರುವುದರಿಂದ ಜಾಲಹಳ್ಳಿಯ ಫಲಕಗಳೂ ಅವುಗಳೊಡನೆ ಇಳಿಯತಕ್ಕವು. ಅವುಗಳ ಎಡೆಯಲ್ಲಿ ಬರುವ ಶೋಧಕದ ಎಳೆಗಳು ಸೆಕೆಂಡಿಗೆ ಸಾವಿರ ಕೋಟಿಗೂ ಮಿಕ್ಕ ಅಂಕಗಳನ್ನು ಹೊರುವುವು. ವಿಕಿರಣದ ಏಟಿನಿಂದ ದಾರಿಯಲ್ಲಿ ಒಂದಂಕವು ತಪ್ಪಿದರೆ ಅದನ್ನು ತಲಪಿದೆಡೆಯಲ್ಲಿಯೇ ತಿದ್ದಿಕೊಳ್ಳುವ ಏರ್ಪಾಡೂ ಅವುಗಳಲ್ಲಿರುವುದು.